ಮೂರನೇ ಕೂಗಿನ ಆಚೆ

ರಾತ್ರಿ ಹನ್ನೊಂದೂ ನಲವತ್ತಕ್ಕೆ
ಆ ಕುರ್ಚಿ ಇನ್ನೂ ಹದಿನಾಲ್ಕು ಸಾವಿರದಲ್ಲಿತ್ತು.
ಮೈಸೂರು ಶಿವರಾಂಪೇಟೆಯ ಯಾವುದೋ ಮುಚ್ಚಿದ ಕಟಿಂಗ್ ಶಾಪಿನದು,
ಕಾಲಲ್ಲಿ ಒತ್ತಿದರೆ ಉಸಿರೆಳೆದುಕೊಂಡು ಮೇಲೇಳುವ ಜಾತಿ.
ಕೆಂಪು ರೆಕ್ಸಿನ್ನು. ಕತ್ತು ಒರಗುವಲ್ಲಿ ಮಾತ್ರ
ಯಾರು ಯಾರದೋ ಎಣ್ಣೆ ಕುಡಿದು ಕಪ್ಪು.

ಮಂಡ್ಯದ ಗುತ್ತಲು ರಸ್ತೆ, ಮಹಡಿ ಮೇಲೆ ನನ್ನ ಪಾರ್ಲರು.
ಇರುವುದು ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ದಿಂಬು.
ಮದುವಣಗಿತ್ತಿಯರಿಗೆ ಕತ್ತು ಹಿಡಿದುಕೊಳ್ಳುತ್ತೆ.
ಅದಕ್ಕೇ ಹೊರಟೆ.
ಅದಕ್ಕೆ ಹೊರಟಿದ್ದು ಹದಿನಾಲ್ಕರವರೆಗೆ.
ಆಮೇಲಿನದೆಲ್ಲ ಕುರ್ಚಿಗಲ್ಲ, ಒಂಬತ್ತನೇ ನಂಬರಿಗೆ.

ಹೆಸರಿಲ್ಲ, ಅವನೋ ಅವಳೋ ತಿಳಿಯದು, ಬರೀ ಒಂಬತ್ತು.
ನಾನು ಇನ್ನೂರು ಏರಿಸಿದರೆ ಅದು ಐನೂರು.
ಪಕ್ಕದಲ್ಲಿ ಇವರ ಗೊರಕೆ,
ಮುಸುಕಿನೊಳಗೆ ನನ್ನ ಹೆಬ್ಬೆಟ್ಟಿಗೆ ಬೆಳಕು.
ಹದಿನೆಂಟೂವರೆ.
ಒಂಬತ್ತು ಸುಮ್ಮನಾಯಿತು.
ಅಭಿನಂದನೆಗಳು ಎಂದಿತು ಫೋನು,
ಬಣ್ಣದ ಕಾಗದದ ಚೂರು ಉದುರಿಸಿ.

ಅಪ್ಪ ಜವರಪ್ಪ ಬೆಲ್ಲದ ಮಾರ್ಕೆಟ್ಟಿನಲ್ಲಿ
ಸವಾಲು ಕೂಗುತ್ತಿದ್ದವನು.
ಸಂಬಳದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ,
ಡಿಪ್ಲೊಮಾ ಓದಿದ ನಾನೂ ಒತ್ತಿದ್ದು ಅದನ್ನೇ.
ಅಚ್ಚಿನ ರಾಶಿ, ಬಕೆಟ್ಟಿನ ರಾಶಿ, ನೊಣ, ಕಣಜ, ನಡುವೆ ಅವನ ಗಂಟಲು:
ಒಂದ್ಸತಿ... ಎಲ್ಡ್ಸತಿ...
ಮೂರಕ್ಕೆ ಮುಂಚೆ ಒಂದು ತಡೆ ತಡೆಯುತ್ತಿದ್ದ.
‘ಹಿಂದಕ್ಕೆ ಸರಿಯಾಕೆ ಮನುಸ್ಯಂಗೆ ಅಷ್ಟೇ ಜಾಗ ಕಣವ್ವ.
ಆಮ್ಯಾಕೆ ನಾಲ್ಗೆ ನಿಂದಲ್ಲ.’

ಮದ್ದೂರಿನ ಸಾಹುಕಾರನೊಬ್ಬ ಒಮ್ಮೆ
ಮೂರಾದ ಮೇಲೆ ಬೇಡವೆಂದ.
ಅಪ್ಪ ಬೈಯಲಿಲ್ಲ. ಜಗಳ ಕಾಯಲಿಲ್ಲ.
ಆ ಕಬ್ಬಿನ ಹಂಗಾಮು ಮುಗಿಯುವ ತನಕ
ಅವನೆತ್ತಿದ ಬೆರಳು
ಅಪ್ಪನ ಕಣ್ಣಿಗೆ ಕಾಣಲೇ ಇಲ್ಲ, ಅಷ್ಟೆ.

ಬೆಳಿಗ್ಗೆ ಚೀಟಿ ದುಡ್ಡಿಗೆ ಪ್ರಮೀಳಕ್ಕ ಬಾಗಿಲಲ್ಲಿ.
ಡಬ್ಬಿಯಲ್ಲಿದ್ದದ್ದು ಹನ್ನೊಂದು, ಅದರಲ್ಲಿ ಆರು ಅವಳದು.
ಕೆಲಸದ ಹುಡುಗಿ ಶಬೀನಾ ಮೆಟ್ಟಿಲನ್ನು ದುಪಟ್ಟಾದಲ್ಲಿ ಅಳೆದು
‘ಅಕ್ಕಾ, ಈ ತಿರುವಿನಲ್ಲಿ ಕುರ್ಚಿ ತಿರುಗಲ್ಲ’ ಅಂದಳು.
ಎಷ್ಟು ಹಗುರಾದೆ!

ಕಾರಣ ತಿಳಿಸಿ, ಎಂದಿತು ಫೋನು. ನಾಲ್ಕು ಸೊನ್ನೆ.
ತಪ್ಪಿ ಒತ್ತಿದೆ. ಮೊತ್ತ ತಪ್ಪಾಯಿತು.
ವಸ್ತು ವಿವರದಂತಿಲ್ಲ. ಇತರೆ.
ಮೊದಲನೆಯದನ್ನು ತುಂಬಿದೆ.
ಏಳು ಸಲ ಒತ್ತಿದ್ದೆ, ಏಳೂ ಸಲ ತಪ್ಪಿ.
ಮುಂಗಡದ ಐನೂರು ಹೋಯಿತು,
ನನ್ನ ಹೆಸರಿನ ಪಕ್ಕ ಒಂದು ಕೆಂಪು ಚುಕ್ಕೆ ಬಂತು.

ಮಧ್ಯಾಹ್ನ, ಗಿರಾಕಿಯಿಲ್ಲದ ಹೊತ್ತು,
ಆ ಫೋಟೋ ಹಿಗ್ಗಿಸಿ ನೋಡುತ್ತೇನೆ:
ಕುರ್ಚಿಯ ಹಿಂದೆ ಕನ್ನಡಿ. ಕನ್ನಡಿಯಲ್ಲಿ
ಮುಖಕ್ಕೆ ಫೋನು ಹಿಡಿದ ಹುಡುಗ, ತಿರುಗುಮುರುಗು ಕ್ಯಾಲೆಂಡರು,
ಬೆಂಚಿನ ತುದಿಯಲ್ಲೊಬ್ಬ ಮುದುಕ.
ಅಂಗಡಿ ಮುಚ್ಚಿದ್ದರೂ ಬಿಳಿ ಕೋಟಿನ ಗುಂಡಿ ಹಾಕಿಕೊಂಡು
ಕುರ್ಚಿಯನ್ನಲ್ಲ, ಅದರ ಫೋಟೋ ತೆಗೆಯುವುದನ್ನು ನೋಡುತ್ತಿದ್ದಾನೆ.

ಸಂಜೆ ಹುಬ್ಬು ತೀಡಿಸಲು ಬಂದ ಟೀಚರಮ್ಮನಿಗೆ ಹೇಳಿದೆ:
ಪಾಪ, ಆ ಅಜ್ಜನ ಮುಖ ನೋಡಿ ಬಿಟ್ಟುಬಿಟ್ಟೆ.
ನಿಮ್ಮದು ಎಂಥ ಮನಸ್ಸು, ಅಂದರು ಕಣ್ಣು ಮುಚ್ಚಿಕೊಂಡೇ.
ದಾರ ಹಲ್ಲಿನ ನಡುವೆ ಇತ್ತು.
ಉತ್ತರ ಕೊಡಬೇಕಾಗಲಿಲ್ಲ.

ರಾತ್ರಿ ಸುದ್ದಿ ಬಂತು. ಕುರ್ಚಿ ಒಂಬತ್ತಕ್ಕೇ ಹೋಯಿತಂತೆ,
ಹದಿನೈದಕ್ಕೆ. ನಾನಿಲ್ಲದ ಮೇಲೆ ಅದಕ್ಕೇನು ಅವಸರ.
ಹದಿನೆಂಟೂವರೆಯಲ್ಲಿ ಹದಿನೈದು ಕಳೆದು
ಉಳಿದಿದ್ದನ್ನು ಮುದುಕನ ಕೈಯಲ್ಲಿಟ್ಟು ನೋಡಿದೆ.
ಕಳೆದು ನೋಡಿದೆ ಮತ್ತೊಮ್ಮೆ.

ಅಂಗಡಿ ಬಾಗಿಲೆಳೆದು ಇಳಿಯುವಾಗ
ತಿರುವಿನಲ್ಲಿ ನಿಂತುಬಿಟ್ಟಿದ್ದಾಳೆ ಶಬೀನಾ,
ಎರಡೂ ಕೈಯಲ್ಲಿ ಚಾಚಿದ ದುಪಟ್ಟಾ:
‘ಅಕ್ಕಾ,
ಒಂಚೂರು ಓರೆ ಮಾಡಿದ್ದಿದ್ರೆ ಹಿಡಿಸ್ತಿತ್ತು.’